ಉಪವಾಸ ಹಿಡಿದ ಹಾವುಮೀನು

ಹಾವುಮೀನು ಸಾಕಿದವರು ಯಾರಾದರೂ ಸಿಕ್ಕಿದರೆ ಮೊದಲ ತಿಂಗಳ ಕತೆ ಕೇಳಿ ನೋಡಿ. ಸಂಭ್ರಮದ ಮಾತು ಅಷ್ಟಾಗಿ ಬರುವುದಿಲ್ಲ. ಗೋಲ್ಡ್‌ಫಿಶ್ ಆದರೆ ಪ್ಲಾಸ್ಟಿಕ್ ಕವರಿನಿಂದ ಟ್ಯಾಂಕಿಗೆ ಇಳಿದ ಸ್ವಲ್ಪ ಹೊತ್ತಿಗೇ ಬಾಯಿ ಬಿಟ್ಟುಕೊಂಡು ಮೇಲೆ ಬರುತ್ತದೆ. ಗಪ್ಪಿಗಳಿಗೆ ಅಷ್ಟು ಹೊತ್ತೂ ಬೇಡ. ಹಾವುಮೀನು ಹಾಗಲ್ಲ. ಇಳಿದದ್ದೇ ಮೂಲೆ ಹುಡುಕುತ್ತದೆ, ಸಿಕ್ಕಿದ ಸಂದಿಗೆ ನುಗ್ಗುತ್ತದೆ. ಆಮೇಲೆ ಅದು ಬದುಕಿದೆಯೋ ಇಲ್ಲವೋ ಎಂದು ಗಾಜಿಗೆ ಹಣೆ ಒತ್ತಿ ನೋಡುತ್ತ ಕೂರುವುದು ನಮ್ಮ ಪಾಡು. ಹಾಕಿದ್ದೆಲ್ಲ ತಳದಲ್ಲಿ ಕೊಳೆಯುತ್ತದೆ. ವಾರ ಕಳೆಯುತ್ತದೆ, ಇನ್ನೊಂದು ವಾರ ಕಳೆಯುತ್ತದೆ. ಮೀನು ಸಾಕುವುದರಲ್ಲಿ ಪಳಗಿದವರಿಗೂ ಇದೊಂದು ಪರೀಕ್ಷೆ. ಹೊಸಬರಂತೂ ಈ ಹಂತದಲ್ಲೇ ಸೋತು ಅಂಗಡಿಗೆ ವಾಪಸು ಕೊಟ್ಟುಬಿಡುತ್ತಾರೆ.

ನಾನು ನನ್ನದನ್ನು ತಂದದ್ದು 2010ರ ಮಳೆಗಾಲದಲ್ಲಿ, ಶಿವಾಜಿನಗರದಿಂದ. ರಸೆಲ್ ಮಾರ್ಕೆಟ್ ಸುತ್ತಮುತ್ತ ಬಣ್ಣದ ಮೀನಿನ ಅಂಗಡಿಗಳು ಹಲವಿದ್ದವು. ಅವುಗಳಲ್ಲೊಂದರ ಹಿಂಬದಿಯಲ್ಲಿ, ಯಾರೂ ಕಣ್ಣು ಹಾಯಿಸದ ಕಡೆ ಇಟ್ಟಿದ್ದ ಟ್ಯಾಂಕಿನ ಮೂಲೆಯಲ್ಲಿ ಒಂದು ಬಾಲ ಕಂಡಿತು. ಹುಡುಗ ಜಾಲರಿಯಿಂದ ಕದಡಿ ಅದನ್ನು ಬೆಳಕಿಗೆ ಎಬ್ಬಿಸಿ, “ಟೈರ್ ಟ್ರ್ಯಾಕ್ ಈಲ್ ಮೇಡಂ, ಇಂಪೋರ್ಟೆಡ್ ಮಾಲು” ಅಂದ. ಕಂದು ಮೈ, ಅದರ ಮೇಲೆ ಅಂಕುಡೊಂಕು ಕಪ್ಪು ಗೆರೆ, ಮುಂದಕ್ಕೆ ಚಾಚಿದ ಚೂಪು ಮೂತಿ. ತೀರ್ಥಹಳ್ಳಿಯ ಕಡೆ ತುಂಗೆಯ ದಡದಲ್ಲಿ ಬೆಳೆದವಳಿಗೆ ಇದರ ಗುರುತು ಸಿಗದೆ ಇರುತ್ತದೆಯೇ? ಮಳೆಗಾಲದ ರಾತ್ರಿಗಳಲ್ಲಿ ಅಪ್ಪಯ್ಯ ಗಾಳ ಹಾಕಿ ತರುತ್ತಿದ್ದ ಮೀನು ಅದು. ಅಕ್ಕಿ ಕಡುಬಿನ ಜೊತೆ ಅದರ ಸಾರು ಉಂಡು ಬೆಳೆದವಳು ನಾನು. ಹೊಳೆಯಲ್ಲಿ ಬಿಟ್ಟಿ ಸಿಗುವ ಮೀನಿಗೆ ಶಿವಾಜಿನಗರದಲ್ಲಿ ನೋಟು ಎಣಿಸಿ ಕೊಟ್ಟೆ. ಚೌಕಾಸಿಯನ್ನೂ ಮಾಡಲಿಲ್ಲ. ಬೆಂಗಳೂರಿಗೆ ಬಂದು ವರ್ಷಗಳಾಗಿದ್ದ ನನಗೆ ಆ ಗಳಿಗೆಯಲ್ಲಿ ಏನೋ ಊರಿನವರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ದಿಕ್ಕುಗೆಟ್ಟು ನಿಂತಿದ್ದಾರೆ ಅನ್ನಿಸಿಬಿಟ್ಟಿತ್ತು.

ಲೆಕ್ಕ ಹಿಡಿದು ಹೇಳಿದರೆ ಇದು ಅಸಲಿ ಹಾವುಮೀನಿನ ಕುಲದ್ದೇ ಅಲ್ಲ. ಸಮುದ್ರಕ್ಕೂ ನದಿಗೂ ಓಡಾಡುವ ಆಂಗ್ವಿಲ್ಲಾಗಳು ಬೇರೆ ಗಣ. ಇದು ಮುಳ್ಳು ಹಾವುಮೀನು, ಮಾಸ್ಟಸೆಂಬೆಲಸ್ ಆರ್ಮೇಟಸ್. 1800ರಲ್ಲಿ ಫ್ರಾನ್ಸಿನ ಲಾಸೆಪೆಡ್ ಇದನ್ನು ಮೊದಲು ವಿವರಿಸಿದ. ಬೆನ್ನಿನ ಮೇಲೆ ಮೂವತ್ತಕ್ಕೂ ಹೆಚ್ಚು ಬಿಡಿ ಮುಳ್ಳುಗಳು ಮಡಚಿಕೊಂಡು ಮಲಗಿರುತ್ತವೆ, ಕೈಯಲ್ಲಿ ಬಿಗಿಯಾಗಿ ಹಿಡಿದರೆ ಎದ್ದು ನಿಲ್ಲುತ್ತವೆ. ಹೊಟ್ಟೆಯಡಿಯ ಜೋಡಿ ರೆಕ್ಕೆ ಇಲ್ಲವೇ ಇಲ್ಲ. ಪಾಕಿಸ್ತಾನದಿಂದ ಆಗ್ನೇಯ ಏಷ್ಯಾದವರೆಗೂ ಹೊಳೆ, ಕೆರೆ, ಗದ್ದೆಯ ಕಾಲುವೆಗಳಲ್ಲಿ ಸಿಗುತ್ತದೆ, ತೊಂಬತ್ತು ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಥಾಯ್ಲೆಂಡ್ ಕಡೆಯಿಂದ ಬರುವ ಇದರ ದಾಯಾದಿಗೆ ಮೈಮೇಲಿನ ಬಲೆ ಹೊಟ್ಟೆಯವರೆಗೂ ಇಳಿದಿರುತ್ತದೆ. ಅಂಗಡಿಯವರು ಎರಡನ್ನೂ ಒಂದೇ ಹೆಸರಿನಲ್ಲಿ ಮಾರುತ್ತಾರೆ. ನಾನು ತಂದದ್ದರ ಹೊಟ್ಟೆ ಬೋಳಾಗಿತ್ತು. ಇಂಪೋರ್ಟೆಡ್ ಅನ್ನುವುದು ಎಷ್ಟು ದೂರದ್ದು ಎಂದು ಅದರಲ್ಲೇ ಗೊತ್ತಾಯಿತು.

“ಏನು ಹಾಕಿದ್ರೂ ತಿನ್ನುತ್ತೆ” ಎಂದು ಹುಡುಗ ಭರವಸೆ ಕೊಟ್ಟಿದ್ದ. ಪೆಲೆಟ್ ಹಾಕಿದೆ, ಮುಟ್ಟಲಿಲ್ಲ. ಒಣಗಿಸಿ ಬಿಲ್ಲೆ ಮಾಡಿದ ಟ್ಯೂಬಿಫೆಕ್ಸ್ ಹಾಕಿದೆ, ಅದು ಮೇಲೆ ತೇಲಿ ಗಪ್ಪಿಗಳ ಪಾಲಾಯಿತು. ಫ್ರೀಜರಿನ ಬ್ಲಡ್‌ವರ್ಮ್ ಕರಗಿಸಿ ಬಿಟ್ಟೆ. ಕೆಂಪು ಎಳೆಗಳು ತಳ ಸೇರುವ ಮುಂಚೆಯೇ ಉಳಿದ ಮೀನುಗಳು ಬಾಚಿಕೊಂಡವು. ಹಾವುಮೀನು ಫಿಲ್ಟರಿನ ಹಿಂದೆ ದಾರದುಂಡೆಯಾಗದಷ್ಟೇ ಸುತ್ತಿಕೊಂಡು ಬಿದ್ದಿತ್ತು.

ನಮ್ಮ ಮನೆಯಲ್ಲಿ ಯಾರಾದರೂ ಊಟ ಬಿಟ್ಟರೆ ಅದು ಇಡೀ ಮನೆಯ ವಿಷಯ. ಅತ್ತೆ ಮಂಡ್ಯದ ಕಡೆಯವರು. ಬಂದವರಿಗೆ ಮುದ್ದೆ ಹಾಕಿ, ಸಾಕೆಂದು ಕೈ ಅಡ್ಡ ಹಿಡಿದವರ ಬೆರಳ ಸಂದಿಯಲ್ಲೇ ಸಾರು ಬಿಡುವಂಥವರು. ಟ್ಯಾಂಕು ತಂದಾಗ “ಇದ್ಯಾತರ ಗೀಳವ್ವ” ಎಂದು ಮುಖ ತಿರುಗಿಸಿದ್ದವರು ಈಗ ಬೆಳಿಗ್ಗೆ ಎದ್ದು ಕಾಫಿಗೆ ಮುಂಚೆ ಅದರ ಮುಂದೆ ಬಗ್ಗುತ್ತಿದ್ದರು. “ಇವತ್ತೂ ತಿನ್ನಲಿಲ್ವೇನವ್ವ?” ಎಂಬ ಪ್ರಶ್ನೆಯಲ್ಲಿ, ಸೊಸೆ ತಂದ ಅತಿಥಿಯನ್ನು ಸೊಸೆ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎನ್ನುವ ಎಳೆಯೂ ಇತ್ತು. ನಮ್ಮ ಮನೆಯವರು ಮಾತ್ರ ಪೇಪರಿನಿಂದ ತಲೆಯೆತ್ತದೆ, “ಹಸಿವಾದ್ರೆ ತಿನ್ನುತ್ತೆ ಬಿಡ್ರಿ” ಅನ್ನುತ್ತಿದ್ದರು.

ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಮೀನಿನ ಮೈ ತಣ್ಣಗಿನದು. ನಮ್ಮ ಹಾಗೆ ಮೈ ಬಿಸಿ ಇಟ್ಟುಕೊಳ್ಳಲು ಅನ್ನ ಸುಡಬೇಕಾಗಿಲ್ಲ. ದಷ್ಟಪುಷ್ಟವಾದ ಹಾವುಮೀನು ವಾರಗಟ್ಟಲೆ ಉಪವಾಸ ತಡೆಯುತ್ತದೆ. ಆದರೆ ಅಂಗಡಿಗೆ ಬರುವ ಮೀನು ದಷ್ಟಪುಷ್ಟವಾಗಿರುವುದಿಲ್ಲ. ಹೊಳೆಯಲ್ಲಿ ಹಿಡಿದವನ ಬಕೆಟ್ಟು, ದಲ್ಲಾಳಿಯ ತೊಟ್ಟಿ, ಸಗಟು ಅಂಗಡಿ, ಚಿಲ್ಲರೆ ಅಂಗಡಿ ಹೀಗೆ ಕೈಯಿಂದ ಕೈಗೆ ಬರುವಷ್ಟರಲ್ಲಿ ಎಷ್ಟು ದಿನದ ಉಪವಾಸ ಆಗಿರುತ್ತದೋ ಯಾರು ಬಲ್ಲರು. ಸಾಗಾಟದ ಗಾಬರಿಗೆ ಮೈಯಲ್ಲಿ ಉಕ್ಕುವ ಕಾರ್ಟಿಸಾಲ್ ಹಸಿವನ್ನೇ ಅಡಗಿಸುತ್ತದೆ. ನೋಡಬೇಕಾದದ್ದು ತಲೆಯ ಹಿಂದಿನ ಬೆನ್ನನ್ನು. ಅಲ್ಲಿ ಮಾಂಸ ಸವೆದು ಏಣು ಎದ್ದರೆ ಮೀನು ತನ್ನನ್ನೇ ತಿನ್ನತೊಡಗಿದೆ ಎಂದು ಅರ್ಥ. ನನ್ನದಕ್ಕೆ ಏಣು ಎದ್ದಿರಲಿಲ್ಲ. ಏಳುವ ಸೂಚನೆ ಇತ್ತು.

ಮೊದಲು ಊಟದ ಮಾತು ಬಿಟ್ಟು ಮನೆ ಸರಿಮಾಡಲು ಹೊರಟೆ. ಅಂಗಡಿಯವರು ಮಾರುವ ಬಣ್ಣದ ಜಲ್ಲಿ ಚೂಪು. ಮುಳ್ಳು ಹಾವುಮೀನಿಗೆ ಮಣ್ಣಿನೊಳಗೆ ಹೂತುಕೊಳ್ಳುವ ಅಭ್ಯಾಸ, ಪುಟಾಣಿ ಹುರುಪೆಯ ಅದರ ಮೈ ಜಲ್ಲಿಗೆ ಗೀರಿ ಗಾಯವಾದರೆ ಬೂಸು ಹಿಡಿಯುತ್ತದೆ. ಅದಕ್ಕೆ ಹಾಕುವ ಔಷಧಿಗಳಲ್ಲಿ, ಅದರಲ್ಲೂ ತಾಮ್ರ ಬೆರೆತವುಗಳಲ್ಲಿ, ಕಾಯಿಲೆಗಿಂತ ಹೆಚ್ಚು ಅಪಾಯ. ಆದ್ದರಿಂದ ಜಲ್ಲಿ ತೆಗೆದು, ಎದುರು ಮನೆ ಕಟ್ಟುತ್ತಿದ್ದವರ ಹತ್ತಿರ ಹೊಳೆ ಮರಳು ಕೇಳಿ ತಂದು, ಹಿಟ್ಟಿನ ಜರಡಿಯಲ್ಲಿ ಜರಡಿಯಾಡಿ (ಜರಡಿಯ ವಿಷಯ ಅತ್ತೆಗೆ ತಿಳಿಯದ ಹಾಗೆ), ನೀರು ತಿಳಿಯಾಗುವತನಕ ತೊಳೆದು, ನಾಲ್ಕು ಬೆರಳು ದಪ್ಪಕ್ಕೆ ಹಾಸಿದೆ. ಪ್ಲಂಬರ್ ಬಿಟ್ಟುಹೋಗಿದ್ದ ಪಿವಿಸಿ ಪೈಪಿನ ತುಂಡೊಂದನ್ನು ಅಂಚು ಉಜ್ಜಿ ಅರ್ಧ ಹೂತಿಟ್ಟೆ. ಗಾಜಿನ ಮುಚ್ಚಳದ ಮೇಲೆ ಕಲ್ಲು ಹೇರಿ, ಏರ್‌ ಪೈಪು ಹೋಗುವ ಸಂದಿಗೆ ಸ್ಪಂಜು ತುರುಕಿದೆ. ಈ ಜಾತಿ ರಾತ್ರಿ ಹೊತ್ತು ಸಂದಿ ಸಿಕ್ಕಿದರೆ ಹೊರಗೆ ಜಾರಿಬಿಡುತ್ತದೆ. ಬೆಳಿಗ್ಗೆ ಸೋಫಾದ ಕೆಳಗೆ ಒಣಗಿದ ಹಾವುಮೀನು ಸಿಕ್ಕಿದ ಕತೆ ಸಾಕುವವರಲ್ಲಿ ಬೇಕಾದಷ್ಟಿದೆ.

ಗಪ್ಪಿಗಳನ್ನು ಬೇರೆ ಮಾಡಿದೆ. ಹೀಟರ್ ಹಾಕಿದೆ. ಬೆಂಗಳೂರಿನಲ್ಲಿ ಮೀನಿಗೆ ಹೀಟರ್ ಯಾಕೆ ಎಂದು ಕೇಳುವವರು ಜುಲೈ-ಆಗಸ್ಟಿನ ರಾತ್ರಿ ಒಮ್ಮೆ ಟ್ಯಾಂಕಿನಲ್ಲಿ ಥರ್ಮಾಮೀಟರ್ ಅದ್ದಿ ನೋಡಬೇಕು. ನಮ್ಮನೆಯಲ್ಲಿ 22 ಡಿಗ್ರಿಗೆ ಇಳಿದಿತ್ತು. ಆ ತಂಪಿನಲ್ಲಿ ಮೀನಿನ ಜೀರ್ಣಶಕ್ತಿಯೇ ಮಂದ, ಹಸಿವು ಎಲ್ಲಿಂದ ಬರಬೇಕು? ನಿಧಾನಕ್ಕೆ 26ಕ್ಕೆ ಏರಿಸಿದೆ. ಹಾವುಮೀನು ಫಿಲ್ಟರಿನ ಹಿಂದಿನಿಂದ ಹೊರಟು ಮರಳಿಗೆ ಇಳಿಯಿತು. ಹೋಗುತ್ತ ಹೋಗುತ್ತಲೇ ಮಾಯವಾಯಿತು, ಮರಳಿನ ಮೇಲೆ ಮೂತಿಯ ತುದಿಯೊಂದು ಉಳಿಯಿತು.

ಆ ಮೂತಿಯನ್ನು ನೋಡುತ್ತ ನಾನು ಕಳೆದ ಸಂಜೆಗಳಿಗೆ ಲೆಕ್ಕವಿಲ್ಲ. ಮೂಗು ಎಂದರೆ ಏನೆಂದು ಗೊತ್ತಾಗಬೇಕಾದರೆ ಅದನ್ನು ನೋಡಬೇಕು. ಮೂತಿಯ ತುದಿಯಲ್ಲಿ ಮಾಂಸದ ಮೂರು ಎಸಳು: ನಡುವೆ ಒಂದು, ಆ ಕಡೆ ಈ ಕಡೆ ಕೊಳವೆಯಂಥ ಎರಡು ಹೊಳ್ಳೆ. ಇಡೀ ತುದಿ ಅತ್ತಿತ್ತ ಹೊರಳುತ್ತದೆ, ಮರಳಿನ ಕಣಗಳನ್ನು ಒಂದೊಂದಾಗಿ ವಿಚಾರಿಸುತ್ತದೆ. ಕಣ್ಣು ಸಣ್ಣದು, ಅದರ ಮೇಲೆ ಅಷ್ಟು ಭರವಸೆ ಇಟ್ಟುಕೊಂಡ ಪ್ರಾಣಿಯಲ್ಲ ಇದು. ಕಲಕು ನೀರಿನಲ್ಲಿ, ರಾತ್ರಿಯಲ್ಲಿ, ಮಣ್ಣಿನೊಳಗಿನ ಹುಳವನ್ನು ವಾಸನೆಯಿಂದ ಹುಡುಕಿ ಹೊಟ್ಟೆ ಹೊರೆಯುವುದು. ಅಂಥದಕ್ಕೆ ನಾನು ಟ್ಯೂಬ್‌ಲೈಟು ಉರಿಸಿ, ಬಣ್ಣದ ಕಾಳು ಸುರಿದು, ತಿನ್ನು ಎನ್ನುತ್ತಿದ್ದೆ.

ಊರಿಗೆ ಫೋನ್ ಮಾಡಿದಾಗ ಅಪ್ಪಯ್ಯನಿಗೆ ವಿಷಯ ಹೇಳಿದೆ. ಆ ಕಡೆಯಿಂದ ಕೆಲ ಹೊತ್ತು ನಗುವೇ ನಿಲ್ಲಲಿಲ್ಲ.

“ಎಂಥ ಮಾರಾಯ್ತಿ, ಹಾವುಮೀನನ್ನ ದುಡ್ಡು ಕೊಟ್ಟು ತಂದ್ಯಾ? ಸಾರು ಮಾಡೂದಲ್ವ?”

“ಸಾಕೋಕೆ ಅಪ್ಪಯ್ಯ. ಏನೂ ತಿಂತಿಲ್ಲ.”

“ಎಂಥ ಹಾಕ್ತಿ?”

ಹೇಳಿದೆ.

“ಕಾಳು ಹಾಕ್ತೀಯಲ್ಲ, ಅದೆಂಥ ಕೋಳಿಯಾ? ಎರೆಹುಳ ಹಾಕು. ಹಗಲು ಹಾಕ್ಬೇಡ. ದೀಪ ಆರಿಸಿ, ಎಲ್ಲ ಮಲಗಿದ ಮೇಲೆ ಹಾಕು. ಹಾಕಿ ನೀನೂ ಹೋಗಿ ಮಲಗು. ಅಲ್ಲೇ ಕೂತ್ಕಂಡು ಉಸಿರು ಬಿಡ್ತಿದ್ರೆ ಅದು ಬರೂದಿಲ್ಲ.”

ಗಾಳ ಹಿಡಿದು ದಡದಲ್ಲಿ ಕೂತವರಿಗೆ ಮೀನಿನ ಹಸಿವು ಗೊತ್ತಿರುವಷ್ಟು ಸಾಕುವವರಿಗೆ ಗೊತ್ತಿರುವುದಿಲ್ಲ. ನಾನು ಆಮೇಲೆ ಓದಿದ ಪುಸ್ತಕಗಳಲ್ಲಿ, ಕೇಳಿದ ಸಲಹೆಗಳಲ್ಲಿ ಇದ್ದದ್ದೆಲ್ಲ ಅಪ್ಪಯ್ಯನ ಆ ನಾಲ್ಕು ಮಾತಿನ ವಿಸ್ತರಣೆ. ಮಳೆಗಾಲದ ಆರಂಭದಲ್ಲಿ ಹೊಳೆಯ ನೀರು ಕೆಂಪಾಗಿ ಹಳ್ಳಗಳಿಗೆ ಮೀನು ಹತ್ತುವಾಗ ನಮ್ಮಲ್ಲಿ ಕೂಣಿ ಇಡುತ್ತಾರೆ. ಕೂಣಿಗೆ ಹಾವುಮೀನು ಬಿದ್ದರೂ ಬಿದಿರಿನ ಕಡ್ಡಿಗಳ ನಡುವೆಯೇ ನುಸುಳಿ ಹೋಗಿಬಿಡುತ್ತದೆಂದು ಅಪ್ಪಯ್ಯ ಅದಕ್ಕಾಗಿಯೇ ಬೇರೆ ಗಾಳ ಕಟ್ಟುತ್ತಿದ್ದರು. ತೋಟದ ಅಡಿಕೆ ಮರದ ಬುಡದಲ್ಲಿ ಅಗೆದು ತೆಗೆದ ಹುಳವನ್ನು ಮಣ್ಣಿನ ಸಮೇತ ಕೆಸುವಿನ ಎಲೆಯಲ್ಲಿ ಕಟ್ಟಿಕೊಂಡು ಹೋಗುವುದು. ಆ ಹುಳಗಳನ್ನು ಆರಿಸುವ ಕೆಲಸ ಮಕ್ಕಳಾದ ನಮ್ಮದಾಗಿತ್ತು.

ವಿಜಯನಗರದಲ್ಲಿ ಎರೆಹುಳ ಎಲ್ಲಿದೆ? ಸಿಮೆಂಟು ಕಾಣದ ಮಣ್ಣೇ ಇಲ್ಲದ ಬೀದಿ ನಮ್ಮದು. ಪರಿಚಯದವರೊಬ್ಬರು ಎರೆಗೊಬ್ಬರದ ಡಬ್ಬ ಇಟ್ಟಿದ್ದರು, ಒಂದು ಹಿಡಿ ಹುಳ ಕೊಟ್ಟರು. ತೆಳ್ಳಗೆ, ಕೆಂಪಗೆ, ಮೈಮೇಲೆ ಹಳದಿ ಪಟ್ಟಿ ಇರುವಂಥವು. ರಾತ್ರಿ ಪೈಪಿನ ಬಾಯಿಯಲ್ಲಿ ಬಿಟ್ಟು, ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ಕದ್ದು ನೋಡಿದೆ. ಕೆಂಪು ಬೆಳಕಿಗೆ ಇಂಥ ಮೀನುಗಳು ಅಷ್ಟಾಗಿ ಬೆದರುವುದಿಲ್ಲ ಎಂದು ಸಾಕುವವರ ಅನುಭವ. ಮೂತಿ ಹೊರಬಂತು. ಹುಳವನ್ನು ಮುಟ್ಟಿತು. ತುದಿ ಹಿಡಿಯಿತು, ನನ್ನ ಎದೆ ಬಡಿತ ನಿಂತಿತು, ಕೂಡಲೇ ಉಗಿದು ಹಿಂದೆ ಸರಿಯಿತು. ಗೊಬ್ಬರದ ಗುಂಡಿಗೆ ಹೆಸರಾದ ಆ ಹುಳ ಐಸೀನಿಯಾ ಫೆಟಿಡಾ. ಹಿಡಿದರೆ ನಾರುವ ಹಳದಿ ರಸ ಬಿಡುತ್ತದೆ, ಅನೇಕ ಮೀನುಗಳಿಗೆ ಅದು ಆಗದು. ಹಸಿದ ಮೀನೂ ರುಚಿ ನೋಡುತ್ತದೆ ಎಂದು ಅವತ್ತು ಕಂಡೆ. ಆದರೆ ಬಾಯಿ ಹಾಕಿತ್ತಲ್ಲ! ಆ ಖುಷಿಗೆ ಮನೆಯವರನ್ನು ಎಬ್ಬಿಸಿ ಬೈಸಿಕೊಂಡೆ.

ತೋಟದ ಮಣ್ಣಿನ ಹುಳವೇ ಬೇಕಿತ್ತು. ಕೊನೆಗೆ ಬೆಂಗಳೂರು ದಾಟಿ ಮಾಗಡಿ ರಸ್ತೆಯಲ್ಲಿ ಗೆಳತಿಯ ತೋಟಕ್ಕೆ ಹೋಗಿ, ಔಷಧಿ ಹೊಡೆಯದ ಬಾಳೆಯ ಬುಡ ಯಾವುದೆಂದು ಕೇಳಿ ಅಗೆದೆವು. ಇದು ಮುಖ್ಯ. ಕೀಟನಾಶಕ ಕುಡಿದ ಮಣ್ಣಿನ ಹುಳ ಹಾಕಿದರೆ ಉಪವಾಸದಿಂದ ಸಾಯಬೇಕಾದ ಮೀನು ಊಟದಿಂದ ಸಾಯುತ್ತದೆ. ತಂದ ಹುಳಗಳನ್ನು ಒದ್ದೆ ಕಾಗದದ ಮೇಲೆ ಒಂದು ರಾತ್ರಿ ಇಟ್ಟರೆ ಹೊಟ್ಟೆಯ ಮಣ್ಣನ್ನೆಲ್ಲ ಹೊರಹಾಕುತ್ತವೆ, ನೀರು ಕೆಡುವುದಿಲ್ಲ. ಆ ಐಸ್‌ಕ್ರೀಮ್ ಡಬ್ಬ ಫ್ರಿಜ್ಜಿನ ಕೆಳಗಿನ ಅರೆಯಲ್ಲಿತ್ತು. ಮಗಳು ಐಸ್‌ಕ್ರೀಮ್ ಎಂದೇ ತೆಗೆದಳು. ಅವತ್ತಿನ ಕೂಗಾಟದ ವಿವರ ಬೇಡ.

ಒಳ್ಳೆಯ ಹುಳ ಬಂದ ಮೇಲೂ ಮೀನು ಒಪ್ಪಲಿಲ್ಲ. ಟಾರ್ಚು ಹಿಡಿದು ನಾನು, ನನ್ನ ಹಿಂದೆ ಮಗಳು, ಅವಳ ಹಿಂದೆ ಮಹಡಿ ಮನೆಯ ಹುಡುಗರು. ಮೂತಿ ಬರುತ್ತಿತ್ತು, ಯಾರೋ ಪಿಸುಗುಟ್ಟುತ್ತಿದ್ದರು, ಮೂತಿ ಒಳಗೆ ಹೋಗುತ್ತಿತ್ತು. ಆಗ ಅತ್ತೆ ತಮ್ಮ ತೀರ್ಪು ಕೊಟ್ಟರು.

“ಬಂದೋರಿಗೆಲ್ಲ ಕರೆದು ಕರೆದು ತೋರಿಸ್ತೀಯಲ್ಲವ್ವ, ಕಣ್ಣು ಬಿದ್ದದೆ ಅದಕ್ಕೆ. ದೃಷ್ಟಿ ಕಣವ್ವ ಅದು.”

ಉಪ್ಪು, ಒಣಮೆಣಸಿನಕಾಯಿ ಹಿಡಿದು ಟ್ಯಾಂಕಿನ ಸುತ್ತ ನಿವಾಳಿಸಿ ಗ್ಯಾಸ್ ಒಲೆಯ ಮೇಲೆ ಸುಟ್ಟರು. ಘಾಟು ಏಳದಿದ್ದರೆ ದೃಷ್ಟಿ ಆಗಿತ್ತೆಂದು ಲೆಕ್ಕ. ನಮಗೆಲ್ಲ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮು ಬಂತು. ಅದನ್ನು ಅವರು ಗಣನೆಗೆ ತೆಗೆದುಕೊಳ್ಳಲಿಲ್ಲ. ತಮ್ಮದೊಂದು ಹಳೇ ನೂಲಿನ ಸೀರೆ ತಂದು ನಾಲ್ಕು ಮಡಿಕೆ ಮಾಡಿ ಟ್ಯಾಂಕಿಗೆ ಮೂರು ಕಡೆಯಿಂದ ಹೊದಿಸಿ, “ಇನ್ನು ಯಾರೂ ನೋಡಕೂಡದು, ನೀನೂವೆ” ಎಂದು ಅಪ್ಪಣೆ ಮಾಡಿದರು. ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ. ಅಪ್ಪಯ್ಯ ಹೇಳಿದ್ದಕ್ಕೂ ಅತ್ತೆ ಹೇಳಿದ್ದಕ್ಕೂ ವ್ಯತ್ಯಾಸ ಕಾಣಲಿಲ್ಲ, ಕಾರಣ ಬೇರೆ, ಸೀರೆ ಒಂದೇ.

ನೋಡುವ ಹಾಗಿಲ್ಲವೆಂದ ಮೇಲೆ ರಾತ್ರಿಗಳು ಉದ್ದವಾದವು. ಹುಳ ಬಿಟ್ಟು ಬಂದು ಓದುತ್ತ ಕೂರುತ್ತಿದ್ದೆ. ಅದೇ ವರ್ಷ ಜಪಾನಿನ ವಿಜ್ಞಾನಿಗಳು ಹಾವುಮೀನನ್ನು ಮೊಟ್ಟೆಯಿಂದ ಮೊಟ್ಟೆಯವರೆಗೆ ಮನುಷ್ಯರ ಕೈಯಲ್ಲೇ ಬೆಳೆಸಿದ ಸುದ್ದಿ ಬಂದಿತ್ತು. ಅದರ ಹಿಂದಿನ ಕತೆ ಓದಿದಾಗ ನನ್ನ ಸಂಕಟ ತೀರಾ ಸಣ್ಣದು ಅನ್ನಿಸಿತು. ಜಪಾನಿನವರು ಹಾವುಮೀನನ್ನು ಕೆಂಡದ ಮೇಲೆ ಸುಟ್ಟು ಸಿಹಿ ಸೋಯಾ ರಸ ಬಳಿದು ತಿನ್ನುತ್ತಾರೆ. ಆ ಮೀನನ್ನು ಸಾಕುವ ಕೊಳಗಳಿವೆ, ಆದರೆ ಮರಿಗಳನ್ನು ಮಾತ್ರ ಸಮುದ್ರದಿಂದಲೇ ಹಿಡಿದು ತರಬೇಕು. 1973ರಲ್ಲಿ ಹೊಕ್ಕೈದೊ ವಿಶ್ವವಿದ್ಯಾಲಯದವರು ಹಾರ್ಮೋನ್ ಚುಚ್ಚಿ ಮೊಟ್ಟೆಯಿಡಿಸಿ ಮರಿ ಮಾಡಿದರು. ಮರಿಗಳು ಏನನ್ನೂ ತಿನ್ನದೆ, ಮೈಯಲ್ಲಿದ್ದ ಮೊಟ್ಟೆಯ ಭಂಡಾರ ಮುಗಿದೊಡನೆ ಸತ್ತವು. ಬೇರೆ ಮೀನಿನ ಮರಿಗಳೆಲ್ಲ ತಿನ್ನುವ ಸೂಕ್ಷ್ಮಜೀವಿಗಳನ್ನು ಕೊಟ್ಟು ನೋಡಿದರು, ಬದುಕಲಿಲ್ಲ. ಮರಿಯ ಮೈ ಗಾಜಿನ ಎಲೆ, ಹಲ್ಲು ಮುಂದಕ್ಕೆ ಚಾಚಿಕೊಂಡಿರುತ್ತದೆ. ಆ ಹಲ್ಲಿನಿಂದ ಅದು ಸಮುದ್ರದಲ್ಲಿ ಏನು ತಿನ್ನುತ್ತದೆ ಎಂಬುದೇ ಒಗಟಾಗಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಇದರಲ್ಲೇ ಹೋಯಿತು. ಕೊನೆಗೆ ತನಕಾ ಹಿದೆಕಿ ಮತ್ತು ಅವರ ಸಂಗಡಿಗರಿಗೆ ದಾರಿ ತೋರಿಸಿದ್ದು ಒಂದು ಜಾತಿಯ ಸಣ್ಣ ಶಾರ್ಕಿನ ಮೊಟ್ಟೆ. ಅದರ ಪುಡಿಯನ್ನು ಕಲಸಿ ಪಾತ್ರೆಯ ತಳಕ್ಕೆ ಬಿಟ್ಟರೆ ಮರಿಗಳು ತಿಂದವು. ಆ ಉಣಿಸಿನಿಂದಲೇ ಮರಿಗಳು ದೊಡ್ಡವಾಗಿ 2010ಕ್ಕೆ ಎರಡನೆಯ ತಲೆಮಾರು ಹುಟ್ಟಿತು. ಶಾರ್ಕಿನ ಮೊಟ್ಟೆಯನ್ನು ಕೊಟ್ಟು ನೋಡೋಣ ಎಂದು ಮೊದಲು ಅಂದವನ ತಲೆಯಲ್ಲಿ ಆ ಹೊತ್ತು ಏನಿತ್ತೋ! ಬಹುಶಃ ಅವನ ಮನೆಯಲ್ಲೂ ಒಬ್ಬರು ಅತ್ತೆ ಇದ್ದಿರಬೇಕು.

ಸೀರೆ ಹೊದಿಸಿದ ಮೇಲೆ ಬೆಳಿಗ್ಗೆ ನೋಡಿದರೆ ಹುಳ ಇರುತ್ತಿರಲಿಲ್ಲ. ಅದು ಸಾಕ್ಷಿಯಲ್ಲ. ಎರೆಹುಳ ನೀರಿನಲ್ಲಿ ಬಿದ್ದ ಕೂಡಲೇ ಸಾಯುವುದಿಲ್ಲ, ಮರಳಿನೊಳಗೆ ತೂರಿಕೊಂಡು, ಅಲ್ಲೇ ಸತ್ತು, ಕೊಳೆತು, ಅಮೋನಿಯ ಏರಿಸಿ ಇಡೀ ಟ್ಯಾಂಕನ್ನು ಕೆಡಿಸಬಲ್ಲದು. ಉಪ್ಪಿನಕಾಯಿ ಹಾಕುವ ಗಾಜಿನ ಬಟ್ಟಲನ್ನು ಪೈಪಿನ ಬಾಯಿಗೆ ಅಂಚುಮಟ್ಟ ಹೂತು, ಹುಳವನ್ನು ತುಂಡು ಮಾಡಿ, ಉದ್ದನೆಯ ಪಾರದರ್ಶಕ ಕೊಳವೆಯಿಂದ ಆ ಬಟ್ಟಲಿಗೇ ಇಳಿಬಿಡಲು ಶುರು ಮಾಡಿದೆ. ತುಂಡಾದ ಹುಳದ ವಾಸನೆ ಹೆಚ್ಚು ದೂರ ಹರಡುತ್ತದೆ ಎಂಬ ಲಾಭವೂ ಇತ್ತು. ಬೆಳಿಗ್ಗೆ ಬಟ್ಟಲು ಖಾಲಿ. ಆದರೂ ಗಟ್ಟಿ ನಂಬಿಕೆ ಬಂದದ್ದು ಇನ್ನೂ ಕೆಲವು ದಿನ ಕಳೆದು, ಪೈಪಿನ ಇನ್ನೊಂದು ತುದಿಯಲ್ಲಿ, ಮರಳಿನ ಮೇಲೆ ಮಣ್ಣು ಬಣ್ಣದ ಸಣ್ಣ ಹಿಕ್ಕೆ ಕಂಡಾಗ. ಬಾಣಂತಿಯ ಮನೆಯಲ್ಲಿ ಕೂಸು ಹೇತರೆ ಹೇಗೆ ಎಲ್ಲರೂ ಬಂದು ಬಗ್ಗಿ ನೋಡಿ ಬಣ್ಣ, ಹದ ಚರ್ಚಿಸುತ್ತಾರೋ ಹಾಗೆ ನಾವು ಮೂವರು ಹೆಂಗಸರು ಟ್ಯಾಂಕಿನ ಮುಂದೆ ನಿಂತೆವು.

“ಹೊಟ್ಟೆಗೆ ಹೋಗದೆ ಕೆಳಗೆ ಬತ್ತದಾ?” ಎಂದು ಅತ್ತೆ ತೀರ್ಮಾನ ಹೇಳಿ, ಅವತ್ತು ಸಿಹಿ ಮಾಡಿಸಿದರು. ಶಾವಿಗೆ ಪಾಯಸ. ಹುಳಗಳನ್ನು ತುಂಡರಿಸಿ ಬಂದಿದ್ದ ನನಗೆ ಅದು ಗಂಟಲಲ್ಲಿ ಇಳಿಯಲಿಲ್ಲ.

ಸೀರೆಯನ್ನು ಒಂದೊಂದೇ ಮಡಿಕೆ ಸರಿಸಿದ್ದು, ಹುಳ ಹಾಕುವ ಹೊತ್ತನ್ನು ನಡುರಾತ್ರಿಯಿಂದ ಸಂಜೆಗೆ ತಂದದ್ದು, ಹುಳದ ಜೊತೆ ಸಿಗಡಿಯ ಚೂರು ಬೆರೆಸಿ ರೂಢಿ ಮಾಡಿಸಿದ್ದು, ಇದೆಲ್ಲ ತಿಂಗಳುಗಟ್ಟಲೆಯ ಕೆಲಸ. ಹೇಳಲು ಹೆಚ್ಚೇನಿಲ್ಲ. ಸಿಗಡಿಯನ್ನೇ ದಿನವೂ ಹಾಕಬಾರದು. ಕೆಲವು ಸಿಗಡಿ, ಕೆಲವು ಮೀನುಗಳ ಹಸಿ ಮಾಂಸದಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ಹಾಳುಮಾಡುತ್ತದೆ. ಕೊನೆಗೆ ಒಂದು ದಿನ ಉದ್ದನೆಯ ಚಿಮುಟದ ತುದಿಯಿಂದಲೇ ಹುಳ ಎಳೆದುಕೊಂಡಿತು. ಆಮೇಲೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅದೇ ಮೂತಿಯೆತ್ತಿ ಕಾಯುವುದನ್ನು ಕಲಿಯಿತು. ಊರಿನಿಂದ ಬಂದ ಅಪ್ಪಯ್ಯ ಅದರ ಮೈಕಟ್ಟು ನೋಡಿ ತೃಪ್ತಿಪಟ್ಟು, “ಇನ್ನೆರಡು ತಿಂಗಳು ಹೋದ್ರೆ ಒಂದು ಸಾರಿಗೆ ಆಯ್ತು” ಅಂದರು. ಮಗಳು ಅವರ ಜೊತೆ ರಾತ್ರಿ ಊಟಕ್ಕೆ ಕೂರಲಿಲ್ಲ.

ಉಪವಾಸ ಬಿಡಿಸಿದ್ದರ ಫಲ ಬೇರೆಯದೂ ಇತ್ತು. ಜೊತೆಗಾರರಿರಲಿ ಎಂದು ಮತ್ತೆ ಬಿಟ್ಟಿದ್ದ ಗಪ್ಪಿಗಳು ಒಂದೊಂದಾಗಿ ಕಾಣೆಯಾದವು. ಬಾಯಿಗೆ ಹಿಡಿಯುವುದೆಲ್ಲ ಅದಕ್ಕೆ ಊಟವೇ. ಚಳಿಗಾಲದಲ್ಲಿ ಕರೆಂಟು ಹೋಗಿ ನೀರು ತಣ್ಣಗಾದರೆ ಮತ್ತೆ ಮುಖ ತಿರುಗಿಸುತ್ತಿತ್ತು, ಆಗ ನಾನು ಗಾಬರಿಯಾಗುತ್ತಿರಲಿಲ್ಲ. ಊಟ ಬಿಡುವುದು ಈ ಆಕಾರದ ಮೀನುಗಳಿಗೆಲ್ಲ ಬಂದ ವಿದ್ಯೆ. ಯುರೋಪಿನ ಹಾವುಮೀನು ನದಿಯಲ್ಲಿ ವರ್ಷಗಟ್ಟಲೆ ತಿಂದು ಕೊಬ್ಬಿ, ಒಂದು ಶರತ್ಕಾಲ ಬೆಳ್ಳಿ ಬಣ್ಣಕ್ಕೆ ತಿರುಗಿ ಸಾರ್ಗ್ಯಾಸೊ ಸಮುದ್ರದ ಕಡೆ ಹೊರಡುತ್ತದೆ. ಐದು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ. ಆ ದಾರಿಯಲ್ಲಿ ಅದು ಏನನ್ನೂ ತಿನ್ನುವುದಿಲ್ಲ, ಕರುಳೇ ಕುಗ್ಗಿಹೋಗುತ್ತದೆ. ಮೊಟ್ಟೆಯಿಟ್ಟು ಸಾಯಲು ಹೊರಟದ್ದಕ್ಕೆ ಬುತ್ತಿ ಬೇಡ. ಇನ್ನೊಂದು ಜಾತಿಯ ಸುದ್ದಿ 2020ರ ಲಾಕ್‌ಡೌನಿನಲ್ಲಿ ಓದಿದೆ. ಟೋಕಿಯೊದ ಸುಮಿದಾ ಅಕ್ವೇರಿಯಂನಲ್ಲಿ ಮರಳಿನಲ್ಲಿ ನೆಟ್ಟಗೆ ನಿಲ್ಲುವ ಸುಮಾರು 300 ಗಾರ್ಡನ್ ಈಲ್‌ಗಳಿದ್ದವು. ಜನ ಬರುವುದು ನಿಂತ ಮೇಲೆ ಅವು ಮನುಷ್ಯರನ್ನೇ ಮರೆತು, ಸಿಬ್ಬಂದಿ ಹಾದುಹೋದರೂ ಮರಳಿಗೆ ಇಳಿದುಬಿಡತೊಡಗಿದವು. ಆರೋಗ್ಯ ನೋಡುವುದೇ ಕಷ್ಟವಾಗಿ, ಮೇ ತಿಂಗಳಲ್ಲಿ ಮೂರು ದಿನ, ಮನೆಯಿಂದಲೇ ವಿಡಿಯೊ ಕಾಲ್ ಮಾಡಿ ಮೀನುಗಳಿಗೆ ಮುಖ ತೋರಿಸಿ ಎಂದು ಜನರನ್ನು ಕೇಳಿಕೊಂಡರು. ಅಷ್ಟು ಹೊತ್ತಿಗೆ ಅತ್ತೆ ತೀರಿಹೋಗಿದ್ದರು. ಇದ್ದಿದ್ದರೆ ಆ ಅಕ್ವೇರಿಯಂನವರ ಬುದ್ಧಿಗೆ ಏನು ಅನ್ನುತ್ತಿದ್ದರೋ.

ನಮ್ಮದು ಮೂರಡಿ ಟ್ಯಾಂಕು. ತಿನ್ನಲು ಕಲಿತ ಮೀನು ಬೆಳೆಯದೆ ಇರುತ್ತದೆಯೇ? ತಿರುಗಲು ಜಾಗ ಸಾಲದಾದಾಗ, ತುಮಕೂರಿನಲ್ಲಿ ಆರಡಿ ಟ್ಯಾಂಕು ಇಟ್ಟಿದ್ದ ಪರಿಚಯದವರೊಬ್ಬರಿಗೆ ಕೊಡುವುದೆಂದಾಯಿತು. ಬೆನ್ನಿನ ಮುಳ್ಳು ಪ್ಲಾಸ್ಟಿಕ್ ಚೀಲವನ್ನು ತೂತು ಮಾಡುವುದರಿಂದ ಮುಚ್ಚಳದ ಬಕೆಟ್ಟಿನಲ್ಲಿ ಸಾಗಿಸಿದೆವು. ಪೈಪು, ಬಟ್ಟಲು, ಚಿಮುಟ ಎಲ್ಲವನ್ನೂ ಜೊತೆಗೆ ಕಳಿಸಿ, ಏನು, ಯಾವಾಗ, ಎಷ್ಟು ಎಂದು ಎರಡು ಹಾಳೆ ಬರೆದು ಕೊಟ್ಟೆ.

ವಾರ ಕಳೆಯುವುದರೊಳಗೆ ಫೋನ್ ಬಂತು. “ಮೇಡಂ, ಮುಟ್ಟೇ ಇಲ್ಲ. ನೀವು ಹೇಳಿದ್ದೆಲ್ಲ ಹಾಕಿದೀನಿ.”

“ದೀಪ?”

“ಬ್ಲೂ ಎಲ್‌ಇಡಿ ಹಾಕ್ಸಿದೀನಿ ಮೇಡಂ, ಹೊಸದು. ಹಾಲ್‌ಗೇ ಒಂದು ಲುಕ್ ಬಂದದೆ. ಬಂದೋರೆಲ್ಲ ಅದರ ಮುಂದೇ ನಿಲ್ತಾರೆ.”

“ಮನೇಲಿ ಹಳೇ ಸೀರೆ ಇದೆಯಾ?”

ಆ ಕಡೆ ಮೌನ. ಎರಡು ಸಲ ಬಿಡಿಸಿ ಹೇಳಿದ ಮೇಲೆ ಒಪ್ಪಿದರು. ದಿನಕ್ಕೊಂದು ಫೋನ್ ಬರುತ್ತಲೇ ಇತ್ತು. ಆಮೇಲೆ ಒಂದು ಬೆಳಿಗ್ಗೆ ಅವರಿಂದ ವಿಡಿಯೊ ಬಂದಿತ್ತು, ಕೆಳಗೆ “ತಿಂತು ಮೇಡಂ!!” ಎಂದು ಬರೆದಿದ್ದರು. ತೆರೆದು ನೋಡಿದರೆ ಮೊದಲಿನಿಂದ ಕೊನೆಯತನಕ ಬರೀ ಕಪ್ಪು. ಏರ್ ಪಂಪಿನ ಸದ್ದು ಕೇಳುತ್ತಿತ್ತು. ನಡುವೆ ಅವರ ಹೆಂಡತಿ, “ಇನ್ನೂ ಎಷ್ಟೊತ್ರೀ, ಬಂದು ಮಲಗ್ರೀ” ಎಂದು ಕೂಗಿದ್ದೂ, ಇವರು “ಶ್!” ಅಂದದ್ದೂ ಸ್ಪಷ್ಟವಾಗಿ ರೆಕಾರ್ಡಾಗಿತ್ತು.